ಅವಧಿ ಮುಗಿಯುವವರೆಗೆ ಕಾಯಲಿ



ಶಾಸಕನೊಬ್ಬ ಪಕ್ಷ ಬಿಟ್ಟು, ರಾಜೀನಾಮೆ ಕೊಟ್ಟು, ಅದೇ ಕ್ಷೇತ್ರದ ಉಪಚುನಾವಣೆಯಲ್ಲಿ ಬೇರೆ ಪಕ್ಷದ ಟಿಕೆಟ್ ಹಿಡಿದು ಗೆದ್ದು ಬಂದರೆ ಅವನ ಪರವಾಗಿ ಒಂದು ವಾದ ಸಿದ್ಧವಾಗಿರುತ್ತದೆ: ಜನತಾ ನ್ಯಾಯಾಲಯವೇ ಒಪ್ಪಿಕೊಂಡ ಮೇಲೆ ಉಳಿದವರದ್ದೇನು ತಕರಾರು? ಪತ್ರಿಕೆಗಳ ಓದುಗರ ಅಂಕಣದಲ್ಲೂ ಟಿವಿ ಚರ್ಚೆಗಳಲ್ಲೂ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ನನಗೆ ತಕರಾರಿದೆ. ನಾನು ತಮಿಳುನಾಡಿನ ಕಂಬಂ ಕಣಿವೆಯ ಮತದಾರ. ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೇ ಆಡಿಕೊಂಡು ಬಂದ ಒಕ್ಕಲುತನದ ಕುಟುಂಬಗಳು ಇಲ್ಲಿ ಬಹಳ ಇವೆ. ನಮ್ಮದೂ ಅಂಥದ್ದೇ ಮನೆ. ಚೆನ್ನೈ ರಾಜಕೀಯವನ್ನು ಅನುಭವಿಸುತ್ತೇವೆ, ಬೆಂಗಳೂರಿನ ರಾಜಕೀಯವನ್ನು ಓದುತ್ತೇವೆ.

2006ರ ವಿಧಾನಸಭಾ ಚುನಾವಣೆಯಲ್ಲಿ ಕಂಬಂ ಕ್ಷೇತ್ರದಿಂದ ಗೆದ್ದವರು ಎನ್. ರಾಮಕೃಷ್ಣನ್. ಪಕ್ಷ ವೈಕೋ ಅವರ ಎಂಡಿಎಂಕೆ, ಚಿಹ್ನೆ ಬುಗುರಿ. ಆಗ ಎಂಡಿಎಂಕೆ ಇದ್ದದ್ದು ಜಯಲಲಿತಾ ಅವರ ಎಐಎಡಿಎಂಕೆ ಜೊತೆ. ಹಾಗಾಗಿ ಬುಗುರಿಗೆ ಬಿದ್ದ ಮತಗಳಲ್ಲಿ ಬಹುಪಾಲು ಕರುಣಾನಿಧಿ ಅವರ ಡಿಎಂಕೆ ಬೇಡ ಎಂದವರದ್ದು. ಮೂರು ವರ್ಷ ಕಳೆಯಿತು. 2009ರಲ್ಲಿ ಇದೇ ಶಾಸಕರು ರಾಜೀನಾಮೆ ಕೊಟ್ಟು, ಆಡಳಿತದಲ್ಲಿದ್ದ ಅದೇ ಡಿಎಂಕೆ ಸೇರಿದರು. ಆಗಸ್ಟ್ 18ರಂದು ಉಪಚುನಾವಣೆ ನಡೆಯಿತು. ಊರಿನ ಗೋಡೆಗಳ ಮೇಲೆ ಹೆಸರು ಅದೇ, ಪಕ್ಕದಲ್ಲಿ ಬುಗುರಿ ಇದ್ದ ಜಾಗದಲ್ಲಿ ಡಿಎಂಕೆಯ ಉದಯಸೂರ್ಯ. ಅವರೇ ಗೆದ್ದರು.

ಜನತಾ ನ್ಯಾಯಾಲಯದ ತೀರ್ಪು ಇದೇ ಎನ್ನುವವರು ಒಂದನ್ನು ಮರೆಯುತ್ತಾರೆ. ಆ ಉಪಚುನಾವಣೆಯನ್ನು ಎಐಎಡಿಎಂಕೆ ಬಹಿಷ್ಕರಿಸಿತ್ತು. 2006ರಲ್ಲಿ ಅವರನ್ನು ಗೆಲ್ಲಿಸಿದ ಮೈತ್ರಿಯ ದೊಡ್ಡ ಪಕ್ಷವೇ ಕಣದಲ್ಲಿ ಇರಲಿಲ್ಲ. ತನ್ನ ಮತವನ್ನು ಎದುರು ಪಾಳೆಯಕ್ಕೆ ಒಯ್ದು ಕೊಟ್ಟರು ಎಂದು ಸಿಟ್ಟಾಗಿದ್ದ ಎಐಎಡಿಎಂಕೆ ಮತದಾರ ಆ ಸಿಟ್ಟನ್ನು ಯಾವ ಗುಂಡಿ ಒತ್ತಿ ಹೇಳಬೇಕಿತ್ತು?

ಇಲ್ಲಿ ಮತ ಹಾಕುವುದಕ್ಕೂ ಬೆಲೆ ತೆರಬೇಕು. ಕಣಿವೆಯ ಎಷ್ಟೋ ಹೆಂಗಸರು ಬೆಳಕು ಹರಿಯುವ ಮುಂಚೆ ಬುತ್ತಿ ಕಟ್ಟಿಕೊಂಡು, ಜೀಪಿನಲ್ಲಿ ಒಬ್ಬರ ಮೇಲೊಬ್ಬರು ಕೂತು, ಕಂಬಂ ಮೆಟ್ಟು ಹತ್ತಿ ಕೇರಳದ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ತಮಿಳುನಾಡಿನ ಉಪಚುನಾವಣೆಗೆ ಆ ತೋಟಗಳು ರಜೆ ಕೊಡುವುದಿಲ್ಲ. ಮತಗಟ್ಟೆಯ ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು. ಐದು ವರ್ಷಕ್ಕೊಮ್ಮೆ ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬರು ಪಕ್ಷ ಬದಲಿಸಿದರು ಎಂಬ ಒಂದೇ ಕಾರಣಕ್ಕೆ ಮೂರೇ ವರ್ಷದಲ್ಲಿ ಮತ್ತೆ ಆ ನಷ್ಟ ಮಾಡಿಕೊಳ್ಳಿ ಎಂದು ಹೇಳಲು ಯಾರಿಗೂ ಹಕ್ಕಿಲ್ಲ.

ರಾಮಕೃಷ್ಣನ್ ಅವರಿಗೆ ಜನಬೆಂಬಲ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. 2011ರ ಸಾರ್ವತ್ರಿಕ ಚುನಾವಣೆಯಲ್ಲಿ ರಾಜ್ಯದಾದ್ಯಂತ ಡಿಎಂಕೆ ನೆಲಕಚ್ಚಿದಾಗಲೂ ಕಂಬಂನಲ್ಲಿ ಅವರು ಗೆದ್ದರು. 2021ರಲ್ಲಿ ಮತ್ತೆ ಗೆದ್ದರು. ಮುಖ್ಯ ಎದುರಾಳಿ ಮೈತ್ರಿ ಕಣದಲ್ಲಿದ್ದ ಆ ಗೆಲುವುಗಳು ಪೂರ್ತಿ ಅವರವೇ, ಅವುಗಳ ಬಗ್ಗೆ ಎರಡು ಮಾತಿಲ್ಲ. ನನ್ನ ವಾದಕ್ಕೆ ಬಲ ಬರುವುದೂ ಅಲ್ಲಿಂದಲೇ. ಪಕ್ಷ ಬದಲಿಸುವ ಮನಸ್ಸಾಗಿದ್ದರೆ ಬದಲಿಸಲಿ, ಸ್ಥಾನವನ್ನೂ ಬಿಡಲಿ. ಸ್ವಂತ ಬಲ ಇದ್ದವರಿಗೆ ಎರಡು ವರ್ಷ ಕಾಯುವುದರಿಂದ ಏನು ಕಳೆದುಹೋಗುತ್ತಿತ್ತು?

ಬಣ ಬದಲಾಟ ಅವರೊಬ್ಬರಿಗೇ ನಿಲ್ಲಲಿಲ್ಲ. 2016ರಲ್ಲಿ ಕಂಬಂನಿಂದ ಎಐಎಡಿಎಂಕೆಯ ಎಸ್.ಟಿ.ಕೆ. ಜಕ್ಕಯ್ಯನ್ ಗೆದ್ದು ಬಂದರು. 2017ರ ಆಗಸ್ಟ್‌ನಲ್ಲಿ ಅದೇ ಪಕ್ಷದ ಟಿ.ಟಿ.ವಿ. ದಿನಕರನ್ ಬಣದ 19 ಶಾಸಕರು ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ ಅವರಿಗೆ ಬೆಂಬಲ ಇಲ್ಲ ಎಂದು ರಾಜ್ಯಪಾಲರಿಗೆ ಪತ್ರ ಕೊಟ್ಟಾಗ ಜಕ್ಕಯ್ಯನ್ ಅವರಲ್ಲಿ ಒಬ್ಬರು. ಸ್ಪೀಕರ್ ನೋಟಿಸ್ ಬಂದ ಮೇಲೆ ಅವರು ಮುಖ್ಯಮಂತ್ರಿಯ ಕಡೆಗೆ ಮರಳಿದರು, ಸ್ಥಾನ ಉಳಿಯಿತು. ಉಳಿದ 18 ಮಂದಿಯನ್ನು ಸೆಪ್ಟೆಂಬರ್ 18ರಂದು ಸ್ಪೀಕರ್ ಪಿ. ಧನಪಾಲ್ ಅನರ್ಹಗೊಳಿಸಿದರು. ನಮ್ಮ ಜಿಲ್ಲೆಯ ಆಂಡಿಪಟ್ಟಿ ಮತ್ತು ಪೆರಿಯಕುಳಂ ಕ್ಷೇತ್ರಗಳ ಶಾಸಕರೂ ಅವರಲ್ಲಿ ಸೇರಿದ್ದರು. ಮೊಕದ್ದಮೆ ಮದ್ರಾಸ್ ಹೈಕೋರ್ಟಿನಲ್ಲಿ ಎಳೆಯಿತು, ನ್ಯಾಯಮೂರ್ತಿಗಳ ನಡುವೆ ಒಮ್ಮತ ಬರದೆ ಮೂರನೆಯವರ ಬಳಿಗೆ ಹೋಯಿತು. ಕೊನೆಗೆ ಉಪಚುನಾವಣೆ ನಡೆದದ್ದು 2019ರ ಏಪ್ರಿಲ್ 18ರಂದು. ಇರುವುದೇ ನಾಲ್ಕು ಕ್ಷೇತ್ರಗಳ ಜಿಲ್ಲೆಯಲ್ಲಿ ಎರಡಕ್ಕೆ ಒಂದೂವರೆ ವರ್ಷಕ್ಕೂ ಮೀರಿ ಶಾಸಕರೇ ಇರಲಿಲ್ಲ.

ಅದೇ ಜಿಲ್ಲೆಯ ಬೋಡಿನಾಯಕ್ಕನೂರಿನ ಶಾಸಕ ಒ. ಪನ್ನೀರ್‌ಸೆಲ್ವಂ ಮತ್ತು ಅವರ ಜೊತೆಗಾರರು, ಒಟ್ಟು 11 ಮಂದಿ, 2017ರ ಫೆಬ್ರುವರಿ 18ರಂದು ಸದನದಲ್ಲೇ ಸ್ವಂತ ಪಕ್ಷದ ಸರ್ಕಾರದ ವಿರುದ್ಧ ಮತ ಹಾಕಿದ್ದರು. ಅವರ ಮೇಲೆ ಸ್ಪೀಕರ್ ಕ್ರಮ ಜರುಗಿಸಲಿಲ್ಲ. ಬಣಗಳು ರಾಜಿಯಾಗಿ ಆಗಸ್ಟ್‌ನಲ್ಲಿ ಪನ್ನೀರ್‌ಸೆಲ್ವಂ ಉಪಮುಖ್ಯಮಂತ್ರಿಯಾದರು. ರಾಜ್ಯಪಾಲರಿಗೆ ಪತ್ರ ಕೊಟ್ಟವರು ಅನರ್ಹರು, ಸರ್ಕಾರದ ವಿರುದ್ಧ ಮತ ಹಾಕಿದವರ ನಾಯಕ ಉಪಮುಖ್ಯಮಂತ್ರಿ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಎರಡು ಪ್ರಕರಣಕ್ಕೂ ಒಂದೇ, ಸ್ಪೀಕರ್ ಕೂಡ ಒಬ್ಬರೇ.

ಕರ್ನಾಟಕದ ಓದುಗರಿಗೆ 2019 ನೆನಪಿಸಬೇಕಿಲ್ಲ. ಸ್ಪೀಕರ್ ರಮೇಶ್ ಕುಮಾರ್ ಪಕ್ಷಾಂತರಕ್ಕಾಗಿ 17 ಶಾಸಕರನ್ನು ಅನರ್ಹಗೊಳಿಸಿ, ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸುವಂತಿಲ್ಲ ಎಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿ ಹಿಡಿಯಿತು, ಆದರೆ ಹಾಗೆ ಅವಧಿ ನಿಗದಿ ಮಾಡುವ ಅಧಿಕಾರ ಸ್ಪೀಕರ್‌ಗೆ ಇಲ್ಲ ಎಂದಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನವಾಗಿ 12 ಬಿಜೆಪಿ ಪಾಲಾದವು. 2020ರ ಫೆಬ್ರುವರಿಯಲ್ಲಿ ಹೀಗೆ ಗೆದ್ದವರಲ್ಲಿ ಹತ್ತು ಮಂದಿ ಮಂತ್ರಿಗಳಾದರು. ಸೋತ ಎ.ಎಚ್. ವಿಶ್ವನಾಥ್, ಎಂ.ಟಿ.ಬಿ. ನಾಗರಾಜ್ ಅವರಿಗೂ ವಿಧಾನ ಪರಿಷತ್ತಿನಲ್ಲಿ ಜಾಗ ಸಿಕ್ಕಿತು. ಗೆದ್ದರೆ ಜನರ ತೀರ್ಪು ಎನ್ನುವವರು, ಇವರಿಬ್ಬರನ್ನು ಸೋಲಿಸಿದ ಹುಣಸೂರು ಮತ್ತು ಹೊಸಕೋಟೆಯ ಜನರು ಕೊಟ್ಟ ತೀರ್ಪಿಗೆ ಏನು ಬೆಲೆ ಕೊಟ್ಟರು?

ನಮ್ಮ ಶಾಸಕರಿಗೆ ಮಾಡಲು ಕೆಲಸವೇನು ಕಡಿಮೆ ಇಲ್ಲ. ಮುಲ್ಲಪೆರಿಯಾರ್ ಅಣೆಕಟ್ಟೆಯ ನೀರನ್ನು ನಂಬಿ ಎರಡು ಬೆಳೆ ತೆಗೆಯುವ 14,707 ಎಕರೆ ಗದ್ದೆ ಈ ಕಣಿವೆಯಲ್ಲಿದೆ. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಬಂತು. ಆದರೆ ಕೊಯ್ದ ಹಣ್ಣು ಬೇಗ ಕೆಡುತ್ತದೆ, ಬೆಲೆ ಬಿದ್ದ ದಿನವೂ ರೈತ ಚಪ್ಪರದ ಕೆಳಗೇ ವ್ಯಾಪಾರಿ ಕೇಳಿದ ದರಕ್ಕೆ ತೂಗಿ ಕೊಡುತ್ತಾನೆ. ಇದನ್ನು ಸದನದಲ್ಲಿ ಎತ್ತಬೇಕಾದವರು ಬಣ ಲೆಕ್ಕದಲ್ಲಿ ಮುಳುಗಿದ್ದರೆ ನಮ್ಮ ಗತಿಯೇನು?

ಸ್ಪೀಕರ್ ಮಾಡಲಾಗದ್ದನ್ನು ಸಂಸತ್ತು ಮಾಡಬಹುದು. ಒಂದು ಪಕ್ಷದ ಚಿಹ್ನೆಯಲ್ಲಿ ಗೆದ್ದು ನಡುವೆ ರಾಜೀನಾಮೆ ಕೊಟ್ಟು ಇನ್ನೊಂದು ಪಕ್ಷ ಸೇರಿದವರು, ಪಕ್ಷಾಂತರಕ್ಕಾಗಿ ಅನರ್ಹರಾದವರು, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು, ಪರಿಷತ್ತಿನ ಬಾಗಿಲಿನಿಂದಲೂ ಬರಬಾರದು, ಮಂತ್ರಿಯೂ ಆಗಬಾರದು. ಅನರ್ಹತೆಯ ತೀರ್ಮಾನವನ್ನು ಆಳುವ ಪಕ್ಷದಿಂದ ಬಂದ ಸ್ಪೀಕರ್ ಕೈಯಿಂದ ತೆಗೆದು ಸ್ವತಂತ್ರ ನ್ಯಾಯಮಂಡಳಿಗೆ ಒಪ್ಪಿಸುವ ಬಗ್ಗೆ ಯೋಚಿಸಿ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಸಂಸತ್ತಿಗೆ ಹೇಳಿದೆ. ಓದುಗರು ತಮ್ಮ ಸಂಸದರನ್ನು ಈ ಬಗ್ಗೆ ಬರೆದು ಕೇಳಬೇಕು. ಪತ್ರಿಕೆಯೂ ಮುಂದಿನ ಉಪಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಬರೆಯುವ ಮುನ್ನ, ಆ ಚುನಾವಣೆ ಯಾರ ಕಾರಣದಿಂದ ಬಂತು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಕಾಮಯಗೌಂಡನ್‌ಪಟ್ಟಿ, ತೇನಿ ಜಿಲ್ಲೆ