ಕೋಷ್ಟಕವನ್ನು ಉರುಹೊಡೆದರೆ ತ್ರಿಕೋನಮಿತಿ ಬಂದೀತೇ?



ಹತ್ತನೆಯ ತರಗತಿಯ ಯಾವುದೇ ವಿದ್ಯಾರ್ಥಿಯನ್ನು 'ಸೈನ್ ೩೦° ಎಷ್ಟು?' ಎಂದು ಕೇಳಿ ನೋಡಿ. 'ಅರ್ಧ' ಎಂಬ ಉತ್ತರ ತಟ್ಟನೆ ಬರುತ್ತದೆ. 'ಯಾವುದರಲ್ಲಿ ಅರ್ಧ?' ಎಂದು ಮರುಪ್ರಶ್ನೆ ಹಾಕಿ. ಮಗು ಮೌನವಾಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲೆಗಳಲ್ಲಿ ಗಣಿತ ಬೋಧಿಸುತ್ತ ಕಳೆದ ಅಷ್ಟೂ ವರ್ಷ ಈ ಮೌನವನ್ನು ಬಲ್ಲೆ. ಇದು ಮಕ್ಕಳ ದಡ್ಡತನದ ಮೌನವಲ್ಲ. ನಾವು ಕಲಿಸುವ ಕ್ರಮದ ಫಲ. ಅರ್ಥವನ್ನು ಬಚ್ಚಿಟ್ಟು ಉತ್ತರವನ್ನಷ್ಟೇ ಹಂಚುವ ಈ ಕ್ರಮವನ್ನು ನಾನು ವಿರೋಧಿಸುತ್ತೇನೆ.

ಆ ಕ್ರಮ ಹೇಗಿದೆಯೆಂಬುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಸೊನ್ನೆಯಿಂದ ನಾಲ್ಕರವರೆಗೆ ಅಂಕಿಗಳನ್ನು ಬರೆ; ಪ್ರತಿಯೊಂದನ್ನೂ ನಾಲ್ಕರಿಂದ ಭಾಗಿಸು; ವರ್ಗಮೂಲ ತೆಗೆ; ಸೈನ್ ಸಾಲು ಸಿದ್ಧ. ಅದನ್ನೇ ಹಿಂದುಮುಂದಾಗಿ ಬರೆದರೆ ಕೊಸೈನ್. ಪರೀಕ್ಷೆ ಸಮೀಪಿಸಿದಾಗ 'ಪಾಸಿಂಗ್ ಪ್ಯಾಕೇಜ್' ಎಂಬ ಹೆಸರಿನಲ್ಲಿ ಇದೇ ಉಪಾಯ ಮಕ್ಕಳ ಕೈ ಸೇರುತ್ತದೆ. ಅಂಕಗಳು ಬರುತ್ತವೆ, ನಿಜ. ಆದರೆ ಸೈನ್, ಕಾಸ್, ಟ್ಯಾನ್‌ಗಳು ಮಗುವಿನ ಪಾಲಿಗೆ ಮಂತ್ರಾಕ್ಷರಗಳಾಗಿಯೇ ಉಳಿಯುತ್ತವೆ. 'ಸಾರ್, ಕಾಸ್ ಅಂದರೆ ದುಡ್ಡೇ?' ಎಂದು ಹುಡುಗನೊಬ್ಬ ಒಮ್ಮೆ ಕೇಳಿದಾಗ ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಪದದ ಅರ್ಥವನ್ನು ಕೇಳುವ ಧೈರ್ಯ ಆ ದಿನ ಅವನೊಬ್ಬನಿಗೇ ಇತ್ತು.

ತ್ರಿಕೋನಮಿತಿಯ ಬುನಾದಿ ಕೋಷ್ಟಕವಲ್ಲ, ಸಮರೂಪತೆ. ಒಂದು ಮೀಟರ್ ಉದ್ದದ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ಅದರ ನೆರಳು ೮೦ ಸೆಂಟಿಮೀಟರ್ ಇದೆಯೆನ್ನಿ. ಅದೇ ಹೊತ್ತಿನಲ್ಲಿ ಸಮತಟ್ಟಾದ ನೆಲದ ಮೇಲೆ ಬಿದ್ದ ಅಡಿಕೆ ಮರದ ನೆರಳನ್ನು ಅಳೆದಾಗ ೯.೬ ಮೀಟರ್ ಬಂತೆನ್ನಿ. ಮರದ ಎತ್ತರ ೧೨ ಮೀಟರ್. ಯಾರೂ ಮರ ಹತ್ತಲಿಲ್ಲ. ಕೋಲಿಗೂ ಮರಕ್ಕೂ ಬಿಸಿಲು ಒಂದೇ ಕೋನದಲ್ಲಿ ಬೀಳುವುದರಿಂದ ಎತ್ತರಕ್ಕೂ ನೆರಳಿಗೂ ಇರುವ ಅನುಪಾತ ಎರಡರಲ್ಲೂ ಒಂದೇ: ೧.೨೫. ಈ ಅನುಪಾತದ ಹೆಸರೇ ಟ್ಯಾನ್. ತ್ರಿಭುಜ ಚಿಕ್ಕದಿರಲಿ ದೊಡ್ಡದಿರಲಿ, ಕೋನ ಬದಲಾಗದಿದ್ದರೆ ಅನುಪಾತ ಬದಲಾಗದು. ಈ ಒಂದು ಮಾತು ಮನಸ್ಸಿಗೆ ಇಳಿದರೆ ಉಳಿದುದೆಲ್ಲ ಅದರ ವಿಸ್ತಾರ. ಪಠ್ಯಪುಸ್ತಕದಲ್ಲಿ ಸಮರೂಪ ತ್ರಿಭುಜಗಳ ಪಾಠವೂ ಇದೆ, ತ್ರಿಕೋನಮಿತಿಯ ಪಾಠವೂ ಇದೆ. ಇವೆರಡನ್ನೂ ಬೆಸೆಯುವ ಒಂದು ಗಂಟೆಯ ಬೋಧನೆ ಮಾತ್ರ ಬಹುತೇಕ ತರಗತಿಗಳಲ್ಲಿ ಇಲ್ಲ.

ಸೈನ್ ಎಂಬ ಪದವನ್ನೇ ನೋಡಿ. ನಮ್ಮವರು ಇದನ್ನು 'ಜ್ಯಾ' ಎಂದರು, ಅಂದರೆ ಬಿಲ್ಲಿನ ಹೆದೆ. ವೃತ್ತದ ಕಂಸ ಬಿಲ್ಲು, ಅದರ ತುದಿಗಳನ್ನು ಸೇರಿಸುವ ರೇಖೆ ಹೆದೆ. ಲೆಕ್ಕಕ್ಕೆ ಅನುಕೂಲವೆಂದು ಆ ಹೆದೆಯ ಅರ್ಧವನ್ನು ತೆಗೆದುಕೊಂಡರು. ಈ ಪದ ಅರಬರಲ್ಲಿಗೆ ಹೋಗಿ 'ಜೀಬ' ಆಯಿತು. ಅದನ್ನು 'ಜೈಬ್' ಎಂದು ಓದಿಕೊಂಡು, ಮಡಿಲು ಎಂಬ ಅರ್ಥ ಹಿಡಿದು, ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ 'ಸೈನಸ್' ಎಂದು ಅನುವಾದಿಸಿದರು. ಇನ್ನು ನಮ್ಮ ಮಕ್ಕಳು ದಿನವೂ ಹೇಳುವ 'ತ್ರಿಜ್ಯ'! ಅದು ಮೂರು ರಾಶಿಗಳ ಜ್ಯಾ. ರಾಶಿಯೊಂದಕ್ಕೆ ೩೦°, ಮೂರಕ್ಕೆ ೯೦°. ತೊಂಬತ್ತು ಡಿಗ್ರಿಯ ಜ್ಯಾ ವೃತ್ತದ ಕೇಂದ್ರದಿಂದ ಪರಿಧಿಯವರೆಗಿನ ದೂರವೇ. ಸೈನ್ ೯೦° = ೧ ಎಂಬುದು ನಮ್ಮ ಪದದೊಳಗೇ ಅಡಗಿ ಕುಳಿತಿದೆ.

ಈಗ 'ಯಾವುದರಲ್ಲಿ ಅರ್ಧ?' ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕೈವಾರದಿಂದ ವೃತ್ತವೊಂದನ್ನು ಎಳೆದು, ಅಗಲವನ್ನು ಬದಲಿಸದೆ ಪರಿಧಿಯ ಮೇಲೆ ಗುರುತು ಹಾಕುತ್ತ ಹೋದರೆ ಸರಿಯಾಗಿ ಆರು ಗುರುತುಗಳಾಗುತ್ತವೆ. ಅಂದರೆ ೬೦ ಡಿಗ್ರಿಯ ಹೆದೆ ತ್ರಿಜ್ಯದಷ್ಟೇ ಉದ್ದ. ಅದನ್ನು ನಡುವೆ ಸೀಳಿದರೆ ಕೋನ ೩೦°, ಹೆದೆಯ ಅರ್ಧ ತ್ರಿಜ್ಯದ ಅರ್ಧ. ಐದು ನಿಮಿಷ ಸಾಕು; ಮಗು ಇದನ್ನು ಎಂದೂ ಮರೆಯದು.

'ಪೂರ್ವಿಕರೂ ಬಾಯಿಪಾಠ ಮಾಡುತ್ತಿದ್ದರಲ್ಲ?' ಎನ್ನುವವರಿದ್ದಾರೆ. ಮಾಡುತ್ತಿದ್ದರು. ಕ್ರಿ.ಶ. ೪೯೯ರ ಕಾಲದ ಆರ್ಯಭಟ ೨೪ ಜ್ಯಾಗಳ ನಡುವಣ ವ್ಯತ್ಯಾಸಗಳನ್ನು ಒಂದೇ ಶ್ಲೋಕದಲ್ಲಿ ಅಡಕಗೊಳಿಸಿದ. ಆದರೆ ಅದೇ ಗ್ರಂಥದ ಗಣಿತಪಾದದಲ್ಲಿ ವೃತ್ತದ ಕಾಲುಭಾಗದಿಂದ ಅವನ್ನು ಪಡೆಯುವ ದಾರಿಯನ್ನೂ ಹೇಳಿದ. ನಾವು ಶ್ಲೋಕದ ಜಾಗದಲ್ಲಿ ಕೋಷ್ಟಕವನ್ನು ಇಟ್ಟುಕೊಂಡು ದಾರಿಯನ್ನು ಕೈಬಿಟ್ಟೆವು. ಇದನ್ನು ಪರಂಪರೆ ಎನ್ನಲಾಗದು, ಸೋಮಾರಿತನ ಎನ್ನಬೇಕು.

'ಟ್ಯಾನ್ ೯೦° ವ್ಯಾಖ್ಯಾನಿಸಿಲ್ಲ' ಎಂದು ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ. ಏಕೆ? ನಮ್ಮ ಮೂರೂ ಊರುಗಳು ೧೩.೫ ರಿಂದ ೧೩.೮ ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇವೆ. ಏಪ್ರಿಲ್ ಕೊನೆಯ ವಾರದಲ್ಲೊಂದು ದಿನ, ಆಗಸ್ಟ್ ಮಧ್ಯದಲ್ಲೊಂದು ದಿನ, ನಡುಹಗಲಿನಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಧ್ವಜಸ್ತಂಭಕ್ಕೆ ನೆರಳೇ ಇರದು. ಎತ್ತರವನ್ನು ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಇಷ್ಟೇ ವಿಷಯ. ಆಗಸ್ಟಿನಲ್ಲಿ ಮೋಡ ಅಡ್ಡಬಂದೀತು, ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ಆದರೆ ಊರಿನ ಕಂಬಗಳಿಗೆ ರಜೆಯಿಲ್ಲವಲ್ಲ!

ಕಡೂರು, ಬೀರೂರು, ಅಜ್ಜಂಪುರಗಳ ನಡುವೆ ರೈಲಿನಲ್ಲಿ ಓಡಾಡಿದವರು ನೀವು. ಹಳಿಯ ಪಕ್ಕದಲ್ಲಿ ಸಂಖ್ಯೆ ಬರೆದ ಗಿಡ್ಡ ಕಂಬಗಳನ್ನು ಕಂಡಿರಬೇಕು. ೧೦೦ ಎಂದಿದ್ದರೆ ನೂರು ಮೀಟರಿಗೆ ಒಂದು ಮೀಟರ್ ಏರು ಅಥವಾ ಇಳಿವು. ಅದು ನೂರನೆಯ ಒಂದು ಪಾಲು ಎಂಬ ಟ್ಯಾನ್ ಬೆಲೆ. ಇದೇ ವಿದ್ಯೆಯನ್ನು ಹಿಡಿದು ವಿಲಿಯಂ ಲ್ಯಾಂಬ್ಟನ್ ೧೮೦೨ರಲ್ಲಿ ಮದರಾಸಿನ ಬಳಿ ಏಳೂವರೆ ಮೈಲಿಯ ಒಂದು ರೇಖೆಯನ್ನು ಸರಪಳಿಯಿಂದ ಅಳೆದ. ಅಲ್ಲಿಂದ ಮುಂದೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನಷ್ಟೇ ಅಳೆಯುತ್ತ, ತ್ರಿಭುಜಗಳನ್ನು ಹೆಣೆಯುತ್ತ, ಮೈಸೂರು ಸೀಮೆಯನ್ನು ದಾಟಿ ಪಶ್ಚಿಮ ಕರಾವಳಿ ಮುಟ್ಟಿದ. ೧೮೦೪ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ಅಳೆದು ತಾಳೆ ನೋಡಿದಾಗ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ಕೆಲವೇ ಅಂಗುಲ. ಗಿರಿಸಾಲನ್ನು ಕಣ್ಣೆದುರಿಗೇ ಇಟ್ಟುಕೊಂಡು ಬೆಳೆಯುವ ನಮ್ಮ ಮಕ್ಕಳಿಗೆ ಈ ಕಥೆಯನ್ನು ಏಕೆ ಹೇಳುವುದಿಲ್ಲ?

'ಇದಕ್ಕೆಲ್ಲ ಸಮಯವೆಲ್ಲಿ?' ಎಂಬುದು ಸಿದ್ಧ ಉತ್ತರ. ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದ ದಿನ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು 'ತರಗತಿ ಏಕೆ ಖಾಲಿ?' ಎಂದು ನನ್ನನ್ನೂ ಕೇಳಿದ್ದರು. ತರಗತಿ ಖಾಲಿಯಿರಲಿಲ್ಲ, ಬಿಸಿಲಿನಲ್ಲಿತ್ತು. ಎಸ್.ಎಸ್.ಎಲ್.ಸಿ.ಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆಂದು ೨೦ ಅಂಕಗಳಿವೆ. ಅದರ ಒಂದು ಚಟುವಟಿಕೆಯನ್ನು ಹೀಗೆ ಮಾಡಿಸಲು ಯಾವ ನಿಯಮ ಅಡ್ಡಬರುತ್ತದೆ? ಕೋನಮಾಪಕ, ದಾರ, ಒಂದು ಕಲ್ಲು, ಅಳತೆಪಟ್ಟಿ: ಇಷ್ಟೇ ಸಾಮಗ್ರಿ. ಎರಡನೆಯ ಆಕ್ಷೇಪ ಮೊಬೈಲಿನದು: 'ಒತ್ತಿದರೆ ಬೆಲೆ ಬರುತ್ತದೆ, ಕಲಿಯುವುದೇಕೆ?' ಬೆಲೆ ಬರುತ್ತದೆ. ಯಾವುದನ್ನು ಒತ್ತಬೇಕೆಂಬ ತಿಳಿವು ಬರುವುದಿಲ್ಲ.

ಇದರಲ್ಲಿ ಸೋಲುವವರು ಯಾರು? ಪಟ್ಟಣದ ಕೋಚಿಂಗಿಗೆ ಹಣ ತೆರಬಲ್ಲ ಮನೆಯ ಮಕ್ಕಳಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಪಿ.ಯು. ವಿಜ್ಞಾನಕ್ಕೋ ಡಿಪ್ಲೊಮಾಕ್ಕೋ ಸೇರುವ ಹಳ್ಳಿಯ ಹುಡುಗ, ಹುಡುಗಿ. ಅಲ್ಲಿ ಅಭಿಮುಖ ಬಾಹು, ಪಾರ್ಶ್ವ ಬಾಹು, ವಿಕರ್ಣಗಳೆಲ್ಲ ಒಂದೇ ದಿನದಲ್ಲಿ ಇಂಗ್ಲಿಷಿಗೆ ತಿರುಗುತ್ತವೆ. ಅರ್ಥ ಗೊತ್ತಿದ್ದವರು ಪದವನ್ನು ವಾರದಲ್ಲಿ ಹಿಡಿಯುತ್ತಾರೆ. ಪದವನ್ನಷ್ಟೇ ಕಲಿತವರ ಕೈಯಲ್ಲಿ ಏನೂ ಉಳಿಯದು. ಎಷ್ಟೋ ಬುದ್ಧಿವಂತ ಮಕ್ಕಳು 'ನನಗೆ ಗಣಿತ ಒಗ್ಗದು' ಎಂದು ತಮ್ಮನ್ನೇ ದೂರಿಕೊಂಡು ವಿಜ್ಞಾನವನ್ನು ಬಿಟ್ಟರು. ಒಗ್ಗದಿದ್ದುದು ಗಣಿತವಲ್ಲ, ಅದು ಅವರಿಗೆ ಸಿಕ್ಕೇ ಇರಲಿಲ್ಲ.

ನಿಮ್ಮಲ್ಲಿ ಕೆಲವರು ಇಂದು ಶಿಕ್ಷಕರು, ಕೆಲವರು ಇಂಜಿನಿಯರುಗಳು, ಹಲವರು ತಾಯಿತಂದೆಯರು. ಶಾಲೆ ಮಾಡದಿದ್ದರೆ ನೀವು ಮಾಡಿ. ಬರುವ ಭಾನುವಾರ ಮಗುವನ್ನು ತೋಟಕ್ಕೆ ಕರೆದೊಯ್ಯಿರಿ, ಕೋಲು ನೆಡಿಸಿ, ನೆರಳು ಅಳೆಸಿ. ಸೂತ್ರವನ್ನು ನೀವು ಮೊದಲೇ ಹೇಳಿಬಿಡಬೇಡಿ. ಅದನ್ನು ಮಗುವೇ ನಿಮಗೆ ಹೇಳುವವರೆಗೆ ತಾಳ್ಮೆಯಿಂದ ಕಾಯಿರಿ.