ಹೂ ಮುರಿದ ಹೊಲಗಳು

ಹುಣಸೂರು, ಪಿರಿಯಾಪಟ್ಟಣಗಳ ಕಡೆ ಮುಂಗಾರಿನ ದಿನಗಳಲ್ಲಿ ಸಂಚರಿಸಿದವರು ಈ ಒಂದು ಕೆಲಸವನ್ನು ನೋಡಿಯೇ ಇರುತ್ತಾರೆ. ಹೊಗೆಸೊಪ್ಪಿನ ಗಿಡವು ಬೆಳೆದು ಮೊಗ್ಗು ತಳೆಯುವ ಹೊತ್ತಿಗೆ ಸರಿಯಾಗಿ ಆಳುಗಳು ಸಾಲು ಹಿಡಿದು ಬಂದು ಅದರ ತುದಿಯನ್ನು ಮುರಿಯುತ್ತಾರೆ. ಹೂವಿಗೆ ಹೋಗತಕ್ಕ ಸತ್ತ್ವವು ಎಲೆಗೆ ಸೇರಿ ಎಲೆ ದಪ್ಪನಾಗಬೇಕೆಂಬುದು ಇದರ ಉದ್ದೇಶ. ಸಾಲ ತೀರಿಸಬೇಕಾದ ರೈತನನ್ನು ಇದಕ್ಕಾಗಿ ನಾವು ದೂಷಿಸುವುದಿಲ್ಲ. ಆದರೆ ಹೂ ಮುರಿಯುವುದೇ ಬೆಳೆಯ ಧರ್ಮವಾಗಿರುವ ನಾಡಿನಲ್ಲಿ ಬದುವಿನ ಮೇಲಣ ಹೂವನ್ನೂ ಉಳಿಯಗೊಡದೆ ಕಳೆನಾಶಕವನ್ನು ಸಿಂಪಡಿಸುವುದು ಯಾವ ನ್ಯಾಯ? ಜೇನೂ ದುಂಬಿಯೂ ಚಿಟ್ಟೆಯೂ ಎಲ್ಲಿಗೆ ಹೋಗಬೇಕು?

ನಮ್ಮ ಹಿರಿಯರ ಬೇಸಾಯವು ಹೀಗಿರಲಿಲ್ಲ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಹಿಡಿಯುತ್ತಿದ್ದರು. ಸಾಸಿವೆ, ಹುಚ್ಚೆಳ್ಳು, ಅವರೆ, ತೊಗರಿ ಇವುಗಳಲ್ಲಿ ಒಂದರ ಹೂ ಉದುರುವಷ್ಟರಲ್ಲಿ ಮತ್ತೊಂದು ಅರಳುತ್ತಿತ್ತು. ಬೇಲಿಯಲ್ಲಿ ಲಕ್ಕಿ, ತಂಗಡಿ, ಎಕ್ಕ, ಬದುವಿನಲ್ಲಿ ತುಂಬೆ, ಗುಂಡುತೋಪಿನಲ್ಲಿ ಹೊಂಗೆ, ನೇರಳೆ, ಹುಣಸೆ, ಕಾಡಂಚಿನಲ್ಲಿ ಮುತ್ತುಗ, ಕಕ್ಕೆ. ಫಾಲ್ಗುಣದ ಮುತ್ತುಗದಿಂದ ಕಾರ್ತಿಕದ ತುಂಬೆಯವರೆಗೆ ಹಸಿದ ಹುಳುವಿಗೆ ಎಲ್ಲಿಯಾದರೂ ಒಂದು ಎಲೆ ಹಾಕಿಯೇ ಇರುತ್ತಿತ್ತು. ಹೆಗ್ಗಡದೇವನಕೋಟೆಯ ಕಾಡುಗಳಲ್ಲಿ ಜೇನುಕುರುಬರೆಂಬ ಜನಾಂಗವು ತನ್ನ ಹೆಸರನ್ನೇ ಜೇನಿನಿಂದ ಪಡೆದಿದೆ. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಎಂದು ಬೇರೆ ಬೇರೆ ಹೆಸರಿಟ್ಟು ಕರೆದ ಭಾಷೆ ನಮ್ಮದು. ಇಂದು ವಿದ್ಯಾವಂತರ ಮನೆಯ ಮಕ್ಕಳಿಗೆ ತಿಳಿದಿರುವ ಜೇನು ಒಂದೇ, ಅದು ಸೀಸೆಯಲ್ಲಿರುವುದು.

ಇದಕ್ಕೆ ಆಕ್ಷೇಪಿಸತಕ್ಕವರುಂಟು. ಕೃಷ್ಣರಾಜನಗರದ ನಾಲೆಯ ಬತ್ತಕ್ಕಾಗಲಿ ನಮ್ಮ ರಾಗಿಗಾಗಲಿ ಜೇನಿನ ಹಂಗಿಲ್ಲವಲ್ಲ ಎನ್ನುತ್ತಾರೆ. ನಿಜ, ಆ ಧಾನ್ಯಗಳಿಗೆ ಹಂಗಿಲ್ಲ. ಆದರೆ ಬರಿಯ ಮುದ್ದೆಯನ್ನೂ ಅನ್ನವನ್ನೂ ಉಂಡು ಬಾಳುವವರು ಯಾರು? ಹುಚ್ಚೆಳ್ಳು ತನ್ನ ಪರಾಗದಿಂದ ತಾನೇ ಕಾಳು ಕಟ್ಟಲಾರದು. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ನಡುವೆ ಓಡಾಡುವ ಹುಳುವಿಲ್ಲದೆ ಕಾಯಿಲ್ಲ. ಪ್ರಪಂಚದ ಮುಖ್ಯ ಆಹಾರಬೆಳೆಗಳಲ್ಲಿ ನೂರಕ್ಕೆ ಸುಮಾರು 75 ಬಗೆಗಳು ಅಷ್ಟಿಷ್ಟಾದರೂ ಇಂಥ ಜೀವಿಗಳನ್ನು ಅವಲಂಬಿಸಿವೆ.

ಔಷಧವನ್ನು ಹಿತಮಿತವಾಗಿ ಬಳಸಿದರೆ ಬಾಧಕವಿಲ್ಲವೆಂಬುದು ಎರಡನೆಯ ಆಕ್ಷೇಪ. ಮೊದಲು, ವಿಷವನ್ನು ಔಷಧವೆಂದು ಕರೆಯುವ ಅಭ್ಯಾಸವನ್ನು ಬಿಡೋಣ. ಹತ್ತಿಯ ಬೀಜಕ್ಕೆ ಲೇಪಿಸುವ, ಹೊಗೆಸೊಪ್ಪಿನ ಹೇನಿಗೆ ಸಿಂಪಡಿಸುವ ಇಮಿಡಾಕ್ಲೋಪ್ರಿಡ್ ಎಲೆಯ ಮೇಲೆ ನಿಲ್ಲತಕ್ಕದ್ದಲ್ಲ. ಗಿಡದ ರಸದಲ್ಲಿ ಬೆರೆತು ಮಧುವನ್ನೂ ಪರಾಗವನ್ನೂ ಸೇರತಕ್ಕದ್ದು. ಯೂರೋಪಿನ ಒಕ್ಕೂಟವು 2018ರಲ್ಲಿ ಇದನ್ನೂ ಇದರ ಜಾತಿಯ ಇನ್ನೆರಡನ್ನೂ ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು. ಇನ್ನು ನಿರಪಾಯವೆಂಬ ಭರವಸೆಯ ಬೆಲೆ ಎಷ್ಟೆಂಬುದನ್ನು ಕನ್ನಡಿಗರು ಕಾಸರಗೋಡಿನಿಂದ ಕಲಿಯಬೇಕು. ಅಲ್ಲಿ ಪಡ್ರೆ ಮೊದಲಾದ ಊರುಗಳ ಗೇರುತೋಟಗಳ ಮೇಲೆ 2000ದವರೆಗೆ, ಎರಡು ದಶಕಗಳಿಗೂ ಹೆಚ್ಚುಕಾಲ, ಆಕಾಶದಿಂದ ಎಂಡೋಸಲ್ಫಾನನ್ನು ಸುರಿದರು. ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆದುದು 2011ರಲ್ಲಿ. ನಡುವೆ ನೊಂದ ಮನೆಗಳಿಗೆ ಆ ತಡೆಯಿಂದ ಹೋದ ಆರೋಗ್ಯವು ಮರಳಲಿಲ್ಲ.

ಜೇನುಪೆಟ್ಟಿಗೆಗಳನ್ನು ಹಂಚಿದರೆ ಸಾಕೆಂಬುದು ಮೂರನೆಯ ಮಾತು. ಅನ್ನವಿಲ್ಲದ ಊರಿನಲ್ಲಿ ಛತ್ರ ಕಟ್ಟಿಸಿದಂತಾಯಿತು! 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ಬಂದು ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ಒಂದೇ ಜಾತಿಯನ್ನು ನಂಬಿದವರಿಗೆ ಅದೊಂದು ಪಾಠ. ಪೆಟ್ಟಿಗೆಯಲ್ಲಿ ಎಂದೂ ವಾಸಿಸದ ಎಷ್ಟೋ ಒಂಟಿಜೇನುಗಳುಂಟು. ಅವುಗಳಲ್ಲಿ ಹೆಚ್ಚಿನವು ಉಳದ ನೆಲದಲ್ಲಿ ಬಿಲ ಮಾಡುತ್ತವೆ. ಕರಿಯ ದುಂಬಿಯು ಒಣಮರವನ್ನು ಕೊರೆದು ಮನೆಮಾಡುತ್ತದೆ. ತಂಗಡಿಯ ಹೂವಿನಲ್ಲಿ ಮಧುವಿಲ್ಲ. ಈ ದುಂಬಿಯು ಝೇಂಕರಿಸಿ ನಡುಗಿಸಿದಾಗಲೇ ಅದರ ಪರಾಗವು ಉದುರತಕ್ಕದ್ದು. ಈ ಕೆಲಸವನ್ನು ಯಾವ ಪೆಟ್ಟಿಗೆ ಮಾಡೀತು?

ಹೂವೆಂದ ಮೇಲೆ ಯಾವುದಾದರೇನು ಎನ್ನುವವರಿಗೂ ಒಂದು ಮಾತು. ಅಂದಕ್ಕೆಂದು ಹೊರದೇಶದಿಂದ ಬಂದ ಲಂಟಾನವು ಇಂದು ನಾಗರಹೊಳೆ, ಬಂಡೀಪುರಗಳ ನೆಲವನ್ನು ಮುಸುಕಿದೆ. ಚಿಟ್ಟೆಗಳು ಅದರ ಮಧುವನ್ನು ಹೀರುತ್ತವೆ, ಸರಿ. ಆದರೆ ಅವುಗಳ ಮರಿಹುಳುಗಳಿಗೆ ಅದರ ಎಲೆ ಆಹಾರವಲ್ಲ. ಅವಕ್ಕೆ ಎಕ್ಕ ಬೇಕು, ಕಕ್ಕೆ ಬೇಕು, ಕರಿಬೇವು ಬೇಕು, ಈಶ್ವರಿಬಳ್ಳಿ ಬೇಕು. ನೆಂಟನಿಗೆ ಪಾನಕ ಕೊಟ್ಟು ಕೂಸಿಗೆ ಅನ್ನವಿಲ್ಲವೆಂದರೆ ಆ ವಂಶ ಉಳಿದೀತೆ?

ಇಷ್ಟು ಹೇಳಿದ ಮೇಲೆ ತಪ್ಪನ್ನು ರೈತನ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಪಿತ್ರಾರ್ಜಿತ ಭೂಮಿಯನ್ನಿಟ್ಟುಕೊಂಡು ಪಟ್ಟಣದಲ್ಲಿ ವಾಸಿಸುವವರು ನಮ್ಮ ವಾಚಕರಲ್ಲಿಯೇ ಅನೇಕರಿದ್ದಾರೆ. “ಬದು ಚೊಕ್ಕಟವಾಗಿರಲಿ” ಎಂದು ದೂರವಾಣಿಯಲ್ಲಿ ಅಪ್ಪಣೆ ಕೊಡತಕ್ಕವರು ನಾವು. ಹೊಗೆಸೊಪ್ಪನ್ನು ಹದಗೊಳಿಸುವ ಒಲೆಗಳಿಗೆ ನಮ್ಮ ತೋಪಿನ ಮರಗಳನ್ನು ಮಾರಿದವರೂ ನಾವೇ. ಗುತ್ತಿಗೆಯ ಮಾತಾಡುವಾಗ ಹಣದೊಡನೆ ಇನ್ನೊಂದು ಕರಾರನ್ನೂ ಸೇರಿಸೋಣ: ಬದುವಿನುದ್ದಕ್ಕೂ ಒಂದು ಮಾರು ನೆಲವನ್ನು ಉಳಬಾರದು, ವಿಷ ಹಾಕಬಾರದು; ಅಲ್ಲಿ ಲಕ್ಕಿ, ತಂಗಡಿ, ತುಂಬೆಗಳು ಬೆಳೆಯಲಿ, ಮೂಲೆಗೊಂದು ಹೊಂಗೆ ನಿಲ್ಲಲಿ, ಒಣಗಿದ ಮೋಟುಮರವು ಇದ್ದಲ್ಲಿಯೇ ಇರಲಿ. ಅದರಿಂದ ಉತ್ಪತ್ತಿ ತುಸು ಕಡಮೆಯಾದರೆ ಆ ನಷ್ಟವನ್ನು ಗುತ್ತಿಗೆಯಲ್ಲಿ ನಾವೇ ಬಿಟ್ಟುಕೊಡತಕ್ಕದ್ದು. ಗೇಯುವವನ ಮೇಲೆ ಹೊರಿಸುವುದು ಧರ್ಮವಲ್ಲ. ಹಿತ್ತಲಿನ ಕರಿಬೇವಿನಲ್ಲಿ ಹಸಿರು ಹುಳುವನ್ನು ಕಂಡ ಗೃಹಿಣಿಯರು ವಿಷದ ಡಬ್ಬಿಗೆ ಕೈಚಾಚದೆ ಮಕ್ಕಳನ್ನು ಕರೆದು ತೋರಿಸಲಿ.

ಹೊಗೆಸೊಪ್ಪಿನ ತುದಿಯನ್ನು ರೈತನು ಹೊಟ್ಟೆಪಾಡಿಗಾಗಿ ಮುರಿಯುತ್ತಾನೆ. ಬದುವಿನ ತುಂಬೆಯನ್ನು ಸುಡುವ ನಮಗೆ ಆ ನೆಪವೂ ಇಲ್ಲ.