ಉಂಡ ಮನೆಗೆ ಎರಡು ಬಗೆದವರು ಯಾರು?

2025ರ ಜನವರಿ 18, ಶನಿವಾರ. ಜೀಡಿಮೆಟ್ಲಾದ ನಮ್ಮ ಮನೆಯಲ್ಲಿ ಸಂಘದ ಹತ್ತು ಹನ್ನೆರಡು ಮಂದಿ ಸೇರಿದ್ದೆವು. ಸಂಕ್ರಾಂತಿಯ ಎಳ್ಳು ಬೆಲ್ಲ ಇನ್ನೂ ಮುಗಿದಿರಲಿಲ್ಲ. ವಡೋದರದಲ್ಲಿ ವಿಜಯ್ ಹಜಾರೆ ಟ್ರೋಫಿಯ ಅಂತಿಮ ಪಂದ್ಯ ನಡೆದಿತ್ತು. ಮೊದಲು ಆಡಿದ ಕರ್ನಾಟಕ 348 ರನ್ ಗಳಿಸಿತ್ತು. ಎದುರಾಳಿ ವಿದರ್ಭ, ಅದರ ನಾಯಕ ಕರುಣ್ ನಾಯರ್. ಆ ಪಂದ್ಯಾವಳಿಯಲ್ಲಿ ಅಂತಿಮ ಪಂದ್ಯಕ್ಕೆ ಮುನ್ನ ಅವರು 752 ರನ್ ಗಳಿಸಿ ಒಂದೇ ಒಂದು ಸಲ ಔಟಾಗಿದ್ದರು. ಅವರು ಬ್ಯಾಟು ಹಿಡಿದು ಅಂಗಣಕ್ಕೆ ಇಳಿಯುತ್ತಿದ್ದಂತೆ ನಮ್ಮ ನಡುವಿನ ಯುವ ಎಂಜಿನಿಯರೊಬ್ಬರು, "ಬಂದ ನೋಡಿ ಸಾರ್, ಉಂಡ ಮನೆಗೆ ಎರಡು ಬಗೆದವನು" ಎಂದರು. ಕೆಲವರು ನಕ್ಕರು. ಯಾರೂ ಆಕ್ಷೇಪಿಸಲಿಲ್ಲ. ಮನೆಯ ಯಜಮಾನನಾಗಿ ನಾನೂ ಸುಮ್ಮನಿದ್ದೆ. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಈ ಲೇಖನ.

ಮಾತು ಅಲ್ಲಿಗೇ ನಿಂತಿದ್ದರೆ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ನಮ್ಮ ಸಂಘದಲ್ಲಿ ರಾಜ್ಯೋತ್ಸವದ ಸಂದರ್ಭದಲ್ಲಿ ಕನ್ನಡ ನಾಡಿನ ಸಾಧಕರ ಭಾವಚಿತ್ರಗಳನ್ನು ಸಾಲಾಗಿ ಇಡುವ ಪದ್ಧತಿಯುಂಟು. ರಾಜ್ಯ ತಂಡ ಬಿಟ್ಟು ಬೇರೆ ತಂಡಕ್ಕೆ ಹೋದ ಕ್ರಿಕೆಟಿಗರ ಚಿತ್ರಗಳನ್ನು ಆ ಸಾಲಿನಿಂದ ತೆಗೆಯಬೇಕೆಂಬ ಸಲಹೆ ಮುಂದಿನ ಸಭೆಯಲ್ಲಿ ಬಂತು. ನಾನು ವಿರೋಧಿಸಿದೆ. ನನ್ನ ವಿರೋಧದ ಕಾರಣಗಳನ್ನು ಸಭೆಯ ಗದ್ದಲದಲ್ಲಿ ಪೂರ್ತಿಯಾಗಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಓದುಗರನ್ನು ಹನ್ನೆರಡು ವರ್ಷ ಹಿಂದಕ್ಕೆ, ಇದೇ ಊರಿನ ಉಪ್ಪಲ್ ಕ್ರೀಡಾಂಗಣಕ್ಕೆ ಕರೆದೊಯ್ಯಬೇಕು. 2014ರ ಜನವರಿ 29ರಿಂದ ಫೆಬ್ರವರಿ 2ರವರೆಗೆ ಅಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ನಡುವೆ ರಣಜಿ ಅಂತಿಮ ಪಂದ್ಯ ನಡೆಯಿತು. ರಜೆಯ ಎರಡು ದಿನ ನಾವು ಜೀಡಿಮೆಟ್ಲಾದಿಂದ ಬುತ್ತಿ ಕಟ್ಟಿಕೊಂಡು, ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಕುಳಿತೆವು. ಖಾಲಿ ಆಸನಗಳ ನಡುವೆ ಕನ್ನಡದ ಕೂಗು ಕೇಳಿದ ಕಡೆಗೆಲ್ಲ ಎದ್ದು ಹೋಗಿ ಪರಿಚಯ ಮಾಡಿಕೊಂಡೆವು. ಏಳು ವಿಕೆಟ್‌ಗಳಿಂದ ಕರ್ನಾಟಕ ಗೆದ್ದಿತು. 1998-99ರ ನಂತರ ದೊರೆತ ಮೊದಲ ರಣಜಿ ಪ್ರಶಸ್ತಿ ಅದು. ಹೊರನಾಡಿನಲ್ಲಿ ಬದುಕುವವನಿಗೆ ತನ್ನ ನಾಡು ತಾನಿರುವ ಊರಿಗೇ ಬಂದು ಗೆದ್ದ ಸುಖ ಎಂಥದೆಂದು ಒಳನಾಡಿನವರಿಗೆ ವಿವರಿಸುವುದು ಕಷ್ಟ.

ಆ ತಂಡದ ನಾಯಕ ದಾವಣಗೆರೆಯ ವಿನಯ್ ಕುಮಾರ್. ಅಂತಿಮ ಪಂದ್ಯದಲ್ಲಿ 117 ರನ್ ಹೊಡೆದವರು ಗಣೇಶ್ ಸತೀಶ್. ರಾಬಿನ್ ಉತ್ತಪ್ಪ, ಕರುಣ್ ನಾಯರ್, ಶ್ರೇಯಸ್ ಗೋಪಾಲ್ ಅದೇ ತಂಡದಲ್ಲಿದ್ದರು. ಮುಂದೆ ಈ ಐವರೂ ಬೇರೆ ರಾಜ್ಯಗಳಿಗೆ ಆಡಿದರು. ಸತೀಶ್ ವಿದರ್ಭಕ್ಕೆ ಹೋದರು. ಉತ್ತಪ್ಪ 2017ರಲ್ಲಿ ಸೌರಾಷ್ಟ್ರಕ್ಕೆ, ಆಮೇಲೆ ಕೇರಳಕ್ಕೆ. ವಿನಯ್ 2019ರಲ್ಲಿ ಪುದುಚೇರಿಗೆ. 2023ರಲ್ಲಿ ಕರುಣ್ ವಿದರ್ಭಕ್ಕೆ, ಶ್ರೇಯಸ್ ಕೇರಳಕ್ಕೆ. ಐವರೂ ದ್ರೋಹಿಗಳೆಂದರೆ ಉಪ್ಪಲ್‌ನಲ್ಲಿ ನಾವು ಗಂಟಲು ಹರಿಯುವಂತೆ ಕೂಗಿದ್ದು ಅರ್ಧ ತಂಡದಷ್ಟು ದ್ರೋಹಿಗಳಿಗೆ ಎಂದಾಗುತ್ತದೆ. ಈ ತೀರ್ಮಾನ ಯಾರಿಗೆ ಒಪ್ಪಿಗೆ?

ಎದುರು ಪಕ್ಷದ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೋವು ನಿಜವಾದದ್ದೇ. 2017ರ ಡಿಸೆಂಬರಿನಲ್ಲಿ ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ವಿದರ್ಭ ನಮ್ಮನ್ನು ಕೇವಲ 5 ರನ್‌ಗಳಿಂದ ಸೋಲಿಸಿತು. ಎರಡನೆಯ ಸರದಿಯಲ್ಲಿ ವಿದರ್ಭದ ಪರವಾಗಿ 81 ರನ್ ಹೊಡೆದವರು ಅದೇ ಗಣೇಶ್ ಸತೀಶ್. ಅಂದು ನಮ್ಮ ಪರವಾಗಿ 153 ರನ್ ಹೊಡೆದಿದ್ದ ಕರುಣ್ 2024ರ ಫೆಬ್ರವರಿಯಲ್ಲಿ ನಾಗಪುರದ ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ವಿರುದ್ಧವೇ 90 ರನ್ ಹೊಡೆದರು. 127 ರನ್‌ಗಳಿಂದ ನಾವು ಸೋತೆವು. ನಮ್ಮ ನೆಟ್ಸ್‌ನಲ್ಲಿ ಕಲಿತ ಕೈ, ನಮ್ಮ ಬೌಲರುಗಳ ಗುಟ್ಟು ಬಲ್ಲ ಕಣ್ಣು ಎದುರಾಳಿಗೆ ನೆರವಾದಾಗ ಹೊಟ್ಟೆ ಉರಿಯದೆ ಇರದು. ನನಗೂ ಉರಿಯಿತು. ಆದರೆ ಹೊಟ್ಟೆಯ ಉರಿಯೊಂದು, ನ್ಯಾಯದ ತೀರ್ಪೊಂದು. ಮೊದಲನೆಯದನ್ನು ಎರಡನೆಯದರ ಪೀಠದಲ್ಲಿ ಕೂರಿಸಬಾರದೆಂಬುದಷ್ಟೇ ನನ್ನ ವಾದ.

ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 2011ರ ಜನವರಿಯ ಐಪಿಎಲ್ ಹರಾಜಿನಲ್ಲಿ ರಾಹುಲ್ ದ್ರಾವಿಡ್ ರಾಜಸ್ಥಾನ ರಾಯಲ್ಸ್ ಪಾಲಾದಾಗ ನಾನೂ ಕಚೇರಿಯಲ್ಲಿ ಅವರ ಮೇಲೆಯೇ ಸಿಟ್ಟು ತೋರಿಸಿದ್ದೆ. ಅವರಿಗಾಗ 37 ವರ್ಷ. 2008ರಲ್ಲಿ ಬೆಂಗಳೂರು ತಂಡದ ಮೊದಲ ನಾಯಕರಾಗಿದ್ದವರು. ಆ ಹರಾಜಿಗೆ ಮುನ್ನ ಬೆಂಗಳೂರು ತಂಡ ಉಳಿಸಿಕೊಂಡದ್ದು ವಿರಾಟ್ ಕೊಹ್ಲಿ ಒಬ್ಬರನ್ನು ಮಾತ್ರ. ಹರಾಜು ನಡೆದದ್ದು ಬೆಂಗಳೂರಿನಲ್ಲಿಯೇ. ಹರಾಜಿನಲ್ಲಿ ಆಟಗಾರನಿಗೆ ಕೈ ಎತ್ತುವ ಹಕ್ಕಿಲ್ಲ. ಕೈ ಎತ್ತುವವರು ಮಾಲೀಕರು. ಹೀಗಿದ್ದೂ 2012ರ ಏಪ್ರಿಲ್ 15ರಂದು ದ್ರಾವಿಡ್ ನಾಯಕತ್ವದ ರಾಜಸ್ಥಾನ ತಂಡ ಚಿನ್ನಸ್ವಾಮಿ ಅಂಗಣದಲ್ಲಿ ಬೆಂಗಳೂರನ್ನು 59 ರನ್‌ಗಳಿಂದ ಸೋಲಿಸಿದ ಸಂಜೆ ನನಗೆ ಬಂದ ಕೋಪ ಮಾರಿದವರ ಮೇಲೆ ಅಲ್ಲ, ಮಾರಾಟವಾದವರ ಮೇಲೆ! ಅದೇ ವರ್ಷ ಮೇ 5ರಂದು ಪುಣೆ ತಂಡದ ನಾಯಕರಾಗಿ ಸೌರವ್ ಗಂಗೂಲಿ ಈಡನ್ ಗಾರ್ಡನ್ಸ್‌ಗೆ ಬಂದಾಗ ಕೋಲ್ಕತ್ತದ ಪ್ರೇಕ್ಷಕರು ಎರಡು ಪಾಲಾದರು. ತವರು ತಂಡವನ್ನು ಬಿಟ್ಟು ಗಂಗೂಲಿಗೆ ಜಯಕಾರ ಹಾಕಿದವರು ಕಡಿಮೆಯಿರಲಿಲ್ಲ. ವಂಗರಿಗೆ ಆ ದಿನವೇ ತಿಳಿದದ್ದು ನನಗೆ ತಿಳಿಯಲು ಬಹಳ ಕಾಲ ಬೇಕಾಯಿತು.

ರಾಜ್ಯ ತಂಡದಲ್ಲಿ ಹರಾಜಿಲ್ಲ, ಅಲ್ಲಿ ಆಟಗಾರನೇ ಬಿಟ್ಟು ಹೋಗುತ್ತಾನಲ್ಲ ಎಂದು ಕೇಳಬಹುದು. ಹೋಗುವ ಮುನ್ನ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಕರುಣ್ ನಾಯರ್ 2015ರ ಮಾರ್ಚ್‌ನಲ್ಲಿ ತಮಿಳುನಾಡಿನ ವಿರುದ್ಧ ರಣಜಿ ಅಂತಿಮ ಪಂದ್ಯದಲ್ಲಿ 328 ರನ್ ಹೊಡೆದವರು. 2016ರ ಡಿಸೆಂಬರಿನಲ್ಲಿ ಚೆನ್ನೈನ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ವಿರುದ್ಧ ಅಜೇಯ 303 ರನ್ ಹೊಡೆದವರು. 2022ರ ಡಿಸೆಂಬರಿನಲ್ಲಿ ರಣಜಿ ಋತು ಆರಂಭವಾದಾಗ ಅವರಿಗೆ ಕರ್ನಾಟಕ ತಂಡದಲ್ಲಿ ಸ್ಥಾನವಿರಲಿಲ್ಲ. ಇನ್ನೊಂದು ಅವಕಾಶ ಕೊಡೆಂದು ಅವರು ಕ್ರಿಕೆಟನ್ನೇ ಬಹಿರಂಗವಾಗಿ ಬೇಡಿಕೊಂಡದ್ದು ಆ ತಿಂಗಳಲ್ಲೇ. ತರುಣರಿಗೆ ಅವಕಾಶ ಕೊಡಲು ಹಿರಿಯರನ್ನು ಬಿಡುವ ಅಧಿಕಾರ ಆಯ್ಕೆಗಾರರಿಗೆ ಉಂಟು. ನಾನು ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಬಿಡುವ ಅಧಿಕಾರ ಒಬ್ಬರಿಗಿದ್ದರೆ ಬೇರೆಡೆ ಅನ್ನ ಹುಡುಕುವ ಅಧಿಕಾರ ಇನ್ನೊಬ್ಬರಿಗೆ ತಾನಾಗಿಯೇ ಒದಗುತ್ತದೆ. ಬೇರೆ ರಾಜ್ಯಕ್ಕೆ ಆಡಬೇಕಾದರೆ ತವರು ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ಬಾಗಿಲು ತೆಗೆದು, ಪತ್ರಕ್ಕೆ ಸಹಿ ಹಾಕಿ, ಹೋಗಿ ಬಾ ಎಂದು ಕಳುಹಿಸಿದ ಮೇಲೆ ಮನೆ ಬಿಟ್ಟು ಓಡಿಹೋದನೆಂದು ಬೀದಿಯಲ್ಲಿ ನಿಂತು ಕೂಗುವುದು ಯಾವ ನ್ಯಾಯ? ಗದ್ದೆಯ ಉಳುಮೆ ಮುಗಿಯಿತೆಂದು ಮುದಿ ಎತ್ತಿನ ಹಗ್ಗ ಬಿಚ್ಚಿದ ರೈತ, ಅದು ಪಕ್ಕದವನ ಗೋಮಾಳದಲ್ಲಿ ಮೇಯಿತೆಂದು ಬಡಿಗೆ ಹಿಡಿದ ಹಾಗಾಯಿತು.

ವಿನಯ್ ಕುಮಾರ್ ಅವರ ಸಂಗತಿ ಇನ್ನೂ ಸ್ಪಷ್ಟ. ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರ ಎರಡೂ ಋತುಗಳಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. ಪ್ರಥಮ ದರ್ಜೆಯ ಕ್ರಿಕೆಟ್‌ನಲ್ಲಿ ಅವರ ಒಟ್ಟು ವಿಕೆಟ್‌ಗಳು 504. ಪುದುಚೇರಿಗೆ ಹೋದಾಗ ಅವರಿಗೆ 35 ವರ್ಷ. ರಣಜಿಗೆ ಬಂದು ಒಂದೇ ಋತು ಕಳೆದಿದ್ದ ಎಳೆಯ ತಂಡಕ್ಕೆ ತಮ್ಮ ಕೊನೆಯ ಓವರುಗಳನ್ನು ಕೊಟ್ಟು 2021ರ ಫೆಬ್ರವರಿಯಲ್ಲಿ ನಿವೃತ್ತರಾದರು. ಇದರಲ್ಲಿ ಯಾರ ಮನೆ ಮುರಿಯಿತು?

ನಿಷ್ಠೆಯ ಮಾತು ಬಂದಾಗ ಅಮೆರಿಕದ ಬೇಸ್‌ಬಾಲ್‌ನ ಪ್ರಸಂಗವೊಂದು ನೆನಪಾಗುತ್ತದೆ. ಆಧುನಿಕ ಕಾಲದಲ್ಲಿ ಅಲ್ಲಿನ ಪ್ರಧಾನ ಲೀಗ್‌ಗಳ ವರ್ಣಭೇದವನ್ನು 1947ರಲ್ಲಿ ಮುರಿದ ಜಾಕಿ ರಾಬಿನ್‌ಸನ್ ಅವರನ್ನು ಬ್ರೂಕ್ಲಿನ್ ಡಾಡ್ಜರ್ಸ್ ತಂಡ 1956ರ ಡಿಸೆಂಬರಿನಲ್ಲಿ, ಅವರ 37ನೆಯ ವಯಸ್ಸಿನಲ್ಲಿ, ಬದ್ಧ ವೈರಿಯಾದ ನ್ಯೂಯಾರ್ಕ್ ಜೈಂಟ್ಸ್‌ಗೆ ವರ್ಗಾಯಿಸಿತು. ಅವರು ಹೋಗಲಿಲ್ಲ, ಆಟವನ್ನೇ ಬಿಟ್ಟರು. ವೈರಿಯ ಅಂಗಿ ತೊಡಲೊಲ್ಲದ ಮಹಾನಿಷ್ಠೆಯೆಂದು ಅಭಿಮಾನಿಗಳು ಇದನ್ನು ಕೊಂಡಾಡುವುದುಂಟು. ವಾಸ್ತವವಾಗಿ ಅವರು ಅಷ್ಟರಲ್ಲಿ ಕಾಫಿ ಕಂಪೆನಿಯೊಂದರ ಉದ್ಯೋಗ ಒಪ್ಪಿಕೊಂಡು ನಿವೃತ್ತಿಯ ನಿರ್ಧಾರ ಮಾಡಿದ್ದರು. ಸ್ವಾರಸ್ಯ ಅದಲ್ಲ. ಮರುವರ್ಷದ ಋತು ಮುಗಿಯುತ್ತಲೇ ಆ ಡಾಡ್ಜರ್ಸ್ ತಂಡವೇ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು! ಆಟಗಾರನಿಂದ ಜೀವಮಾನದ ನಿಷ್ಠೆ ಬೇಡುವ ಸಂಸ್ಥೆಗಳು ತಾವು ಮಾತ್ರ ಲೆಕ್ಕದ ಪುಸ್ತಕ ನೋಡಿ ನಡೆಯುತ್ತವೆ. ಅಭಿಮಾನಿಗಳಾದ ನಾವು ಸಂಸ್ಥೆಯ ಲೆಕ್ಕವನ್ನು ಕ್ಷಮಿಸಿ ಆಟಗಾರನ ಹೊಟ್ಟೆಪಾಡನ್ನು ದಂಡಿಸುತ್ತೇವೆ.

ಇನ್ನು ಮುಖ್ಯ ಮಾತು. ಈ ದ್ರೋಹದ ಆಪಾದನೆಯನ್ನು ಬೆಂಗಳೂರಿನವರು ಮಾಡಿದರೆ ಒಂದಿಷ್ಟು ಅರ್ಥವಿದ್ದೀತು. ಹೊರನಾಡ ಕನ್ನಡ ಸಂಘದ ಸದಸ್ಯರಾದ ನಾವು ಯಾವ ಬಾಯಿಂದ ಮಾಡುವುದು? ನಮ್ಮಲ್ಲಿ ಯಾರು ಊರಲ್ಲೇ ಉಳಿದವರು? ಜೀಡಿಮೆಟ್ಲಾದ ಕೈಗಾರಿಕಾ ಪ್ರದೇಶಕ್ಕೆ, ಸಮೀಪದ ಎಚ್.ಎಂ.ಟಿ. ಕಾರ್ಖಾನೆಗೆ, ಔಷಧ ಕಂಪೆನಿಗಳಿಗೆ, ಕೇಂದ್ರ ಸರಕಾರದ ಕಚೇರಿಗಳಿಗೆ ಅನ್ನ ಹುಡುಕಿಕೊಂಡು ಬಂದವರೇ ಎಲ್ಲರೂ. ನಾನು ಚನ್ನಗಿರಿ ತಾಲ್ಲೂಕಿನವನು. ಕನ್ನಡ ನಾಡಿನ ಸರಕಾರಿ ಶಾಲೆಯಲ್ಲಿ, ನಾಡಿನ ತೆರಿಗೆಯ ಹಣದಲ್ಲಿ ಸ್ನಾತಕೋತ್ತರ ಪದವಿಯವರೆಗೆ ಓದಿದೆ. ಸೇವೆಯನ್ನು ಸಲ್ಲಿಸಿದ್ದು ಎಲ್ಲಿ? ನಾಲ್ಕು ವರ್ಷ ನಾಗಪುರದಲ್ಲಿ, ಉಳಿದದ್ದರ ಬಹುಪಾಲು ಹೈದರಾಬಾದಿನಲ್ಲಿ. ವಿದರ್ಭದ ಜೋಳದ ರೊಟ್ಟಿ ಉಂಡು ವಿದರ್ಭದ ಕಡತಗಳನ್ನು ವಿಲೇವಾರಿ ಮಾಡಿದ ನಾನು, ವಿದರ್ಭದ ಪರವಾಗಿ ರನ್ ಹೊಡೆದವರನ್ನು ದ್ರೋಹಿಯೆಂದರೆ ಕೇಳಿದವರು ನಗುವುದಿಲ್ಲವೆ? ನಾನು ಹುಟ್ಟಿದಾಗ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ನಿಂತ ನೆಲವೇ ಒಮ್ಮೊಮ್ಮೆ ಪಕ್ಷ ಬದಲಿಸುತ್ತದೆ, ಮನುಷ್ಯನದೇನು ಹೇಳುವುದು!

ಊರಿಗೆ ಹೋದಾಗ ನಮ್ಮ ಬಂಧುಗಳು "ನೀವೇನಪ್ಪ, ಆಂಧ್ರದವರಾಗಿಬಿಟ್ಟಿರಿ" ಎಂದು ಚುಚ್ಚಿದರೆ ನಾವೆಷ್ಟು ನೊಂದುಕೊಳ್ಳುತ್ತೇವೆ! ತೆಲಂಗಾಣ ಬೇರೆಯಾಗಿ ದಶಕ ಕಳೆದರೂ ಅವರ ಪಾಲಿಗೆ ಇದು ಆಂಧ್ರವೇ. ದೇಹ ಎಲ್ಲಿ ದುಡಿದರೇನು, ಮನಸ್ಸು ಕನ್ನಡದ್ದು ಎಂದು ವಾದಿಸುತ್ತೇವೆ. ಆ ವಾದದ ಮೇಲೆಯೇ ನಮ್ಮ ಸಂಘ ನಿಂತಿದೆ, ಈ ಪತ್ರಿಕೆ ನಿಂತಿದೆ. ನಮಗೆ ಬೇಕಾದ ಆ ರಿಯಾಯಿತಿಯನ್ನು ಮೂವತ್ತು ದಾಟಿ, ಉಳಿದಿರುವ ನಾಲ್ಕಾರು ವರ್ಷಗಳನ್ನು ಬೆಂಚಿನ ಮೇಲೆ ಕಳೆಯಲೊಲ್ಲದ ಆಟಗಾರನಿಗೆ ನಿರಾಕರಿಸುವುದು ಹೇಗೆ? ನಮಗೆ ಅರವತ್ತರವರೆಗೆ ಸೇವೆ, ಆಮೇಲೆ ಪಿಂಚಣಿ. ಅವನ ಕಾಲು ನಲವತ್ತರೊಳಗೆ ಸೋಲುತ್ತದೆ.

ಅಲ್ಲದೆ, 'ನಮ್ಮವ' ಎಂಬುದನ್ನು ನಾವು ಎಂದೂ ಹುಟ್ಟಿನಿಂದ ಅಳೆದವರಲ್ಲ. ದ್ರಾವಿಡ್ ಹುಟ್ಟಿದ್ದು ಇಂದೂರಿನಲ್ಲಿ, ಮರಾಠಿ ಮನೆಯಲ್ಲಿ. ಕರುಣ್ ಹುಟ್ಟಿದ್ದು ಜೋಧಪುರದಲ್ಲಿ, ಮಲಯಾಳಿ ಮನೆಯಲ್ಲಿ. 328 ಹೊಡೆದ ದಿನ ಯಾರೂ ಅವರ ಮನೆಮಾತು ಕೇಳಲಿಲ್ಲ. ಬರುವಾಗ ಇಲ್ಲದ ಗಡಿಯನ್ನು ಹೋಗುವಾಗ ಎಳೆಯುವುದು ಕನ್ನಡದ ಔದಾರ್ಯಕ್ಕೆ ಒಪ್ಪುವಂಥದಲ್ಲ.

ಕಥೆಯ ಮುಂದಿನ ಭಾಗ ಓದುಗರಿಗೆ ಗೊತ್ತೇ ಇದೆ. 2025ರ ಮಾರ್ಚ್‌ನಲ್ಲಿ ವಿದರ್ಭ ರಣಜಿ ಗೆದ್ದಿತು. ಕೇರಳದ ವಿರುದ್ಧದ ಆ ಅಂತಿಮ ಪಂದ್ಯದಲ್ಲಿ ಕರುಣ್ 86 ಮತ್ತು 135 ರನ್ ಹೊಡೆದರು. ಜೂನ್‌ನಲ್ಲಿ ಎಂಟು ವರ್ಷಗಳ ಬಳಿಕ ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. ಅನಂತರ 2025-26ರ ಋತುವಿಗೆ ಕರ್ನಾಟಕಕ್ಕೇ ಹಿಂತಿರುಗಿದರು. ಶ್ರೇಯಸ್ ಗೋಪಾಲ್ ಒಂದು ವರ್ಷ ಮೊದಲೇ ಮರಳಿದ್ದರು. ಆಗ ನಮ್ಮ ಎಂಜಿನಿಯರ್ ಮಿತ್ರರು ಬಂದು, "ಸಾರ್, ಈ ಸಲ ರಾಜ್ಯೋತ್ಸವಕ್ಕೆ ಕರುಣ್ ಫೋಟೋ ಮುಂದಿನ ಸಾಲಿಗೆ ಹಾಕೋಣ, ಮನೆಮಗ ಮನೆಗೆ ಬಂದ" ಎಂದರು. ನನಗೆ ಸಂತೋಷವಾಗಲಿಲ್ಲ. ಹೋದಾಗ ದ್ರೋಹಿ, ಬಂದಾಗ ಮನೆಮಗ ಎಂಬುದು ಪ್ರೀತಿಯಲ್ಲ, ವ್ಯಾಪಾರ. ಮರಳಿ ಬಂದವರ ಚಿತ್ರ ಮುಂದಿನ ಸಾಲಿಗಾದರೆ ಮರಳದೆ ಉಳಿದ ಗಣೇಶ್ ಸತೀಶ್, ವಿನಯ್, ಉತ್ತಪ್ಪ ಅವರ ಚಿತ್ರಗಳು ಎಲ್ಲಿಗೆ? ಕರುಣ್ ಚಿತ್ರ ಎಲ್ಲಿತ್ತೋ ಅಲ್ಲೇ ಇರಲಿ, ಉಳಿದವರ ಚಿತ್ರಗಳೂ ಪಕ್ಕದಲ್ಲೇ ಇರಲಿ ಎಂದೆ. ಸಮಿತಿ ಇನ್ನೂ ತೀರ್ಮಾನಿಸಿಲ್ಲ.

ಸಮಿತಿಯ ಮುಂದೆ ನನ್ನ ಬಿನ್ನಹ ಇಷ್ಟೇ. ಒಂದು ಚಿತ್ರವನ್ನೂ ತೆಗೆಯಬೇಡಿ. ಪ್ರತಿ ಚಿತ್ರದ ಕೆಳಗೆ ಅವರು ಕರ್ನಾಟಕಕ್ಕೆ ಮಾಡಿದ್ದನ್ನು ಬರೆಯಿರಿ. ಮುಂದೆ ಯಾವ ತಂಡಕ್ಕೆ ಆಡಿದರೆಂಬುದನ್ನೂ ಮುಚ್ಚಿಡದೆ ಬರೆಯಿರಿ. ಅವರಲ್ಲಿ ಯಾರೇ ಉಪ್ಪಲ್‌ಗೆ ಎದುರಾಳಿಯಾಗಿ ಬಂದರೂ ಸಂಘದಿಂದ ಹತ್ತು ಜನ ಹೋಗಿ, ಅವರು ಅಂಗಣಕ್ಕೆ ಇಳಿಯುವಾಗ ಎದ್ದು ನಿಂತು ಚಪ್ಪಾಳೆ ತಟ್ಟೋಣ. ಆಮೇಲೆ ಕುಳಿತು, ಅವರು ಬೇಗ ಔಟಾಗಲೆಂದು ಹಾರೈಸೋಣ. ಇದರಲ್ಲಿ ವಿರೋಧವೇನೂ ಇಲ್ಲ.

ಆ ಜನವರಿಯ ಸಂಜೆ ಪ್ರಸಿದ್ಧ್ ಕೃಷ್ಣ ಅವರ ಎಸೆತದಲ್ಲಿ ಕರುಣ್ 27 ರನ್ನಿಗೆ ಬೌಲ್ಡ್ ಆದಾಗ ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ. ಕರ್ನಾಟಕ 36 ರನ್‌ಗಳಿಂದ ಗೆದ್ದಿತು. ಎಲ್ಲರೂ ಹೊರಟ ಮೇಲೆ ಮನೆಯವಳು, "ಅಷ್ಟು ಖುಷಿಯಾದವರು ಊಟ ಯಾಕೆ ಸರಿಯಾಗಿ ಮಾಡಲಿಲ್ಲ?" ಎಂದು ಕೇಳಿದಳು. ಆ ಹುಡುಗ ತಲೆ ತಗ್ಗಿಸಿಕೊಂಡು ಪೆವಿಲಿಯನ್ನಿಗೆ ನಡೆದದ್ದು ಕಣ್ಣ ಮುಂದಿತ್ತು. ನಮ್ಮ ತಂಡ ಗೆಲ್ಲಲೆಂದು ಬಯಸಿದ್ದೂ ನಿಜ, ಅವನು ಸೋಲಬಾರದಿತ್ತು ಎನ್ನಿಸಿದ್ದೂ ನಿಜ.